ಬೆಟ್ಟ ಹತ್ತುವ ನದಿಯ ನಕ್ಷೆ

ಭೂಮಾಪನ ಕಚೇರಿಯಲ್ಲಿ ಮೂವತ್ತಾರು ವರ್ಷ ನಕ್ಷೆ ಬರೆದು ನಿವೃತ್ತರಾದ ಅವರನ್ನು ಬೀದಿಯವರೆಲ್ಲ ‘ನಕ್ಷೆಯವರು’ ಎಂದೇ ಕರೆಯುತ್ತಿದ್ದರು. ಹಿಡಿದ ಹಠ ಬಿಡುವ ಪೈಕಿಯಲ್ಲ ಈ ಮನುಷ್ಯ. ತಾವು ಕಾಲಿಟ್ಟು ನೋಡದ ಜಾಗದ ನಕ್ಷೆಗೆ ಅವರು ಒಂದೇ ಒಂದು ಸಲವೂ ಸಹಿ ಹಾಕಿದವರಲ್ಲ. ಮೇಲಧಿಕಾರಿ ಗದರಿಸಿದರೂ ಅಷ್ಟೇ, ಬೇಡಿಕೊಂಡರೂ ಅಷ್ಟೇ. ಸಹಿ ಬೇಕೋ, ಮೊದಲು ಚಪ್ಪಲಿ ಸವೆಯಬೇಕು.

ಇಂಥವರ ಕೈಗೆ ಅವರ ತಂಗಿ, ಎಲ್ಲೂ ಇಲ್ಲದ ದೇಶವೊಂದರ ನಕ್ಷೆ ಬರೆಯಲು ಕೊಟ್ಟಳು ನೋಡಿ. ಆಕೆ ಶಾಲೆಯ ಮೇಡಂ. ಹತ್ತು ವರ್ಷ ಕೂತು ಮಕ್ಕಳಿಗಾಗಿ ಒಂದು ಕಥೆಪುಸ್ತಕ ಬರೆದಿದ್ದಳು. ಮೊದಲ ಪುಟದಲ್ಲಿ ಆ ದೇಶದ ನಕ್ಷೆ, ನಕ್ಷೆಯ ಮೂಲೆಯಲ್ಲಿ ಅಣ್ಣನ ಸಹಿ ಇರಬೇಕೆಂಬುದೊಂದೇ ಅವಳ ಆಸೆ. ಸೋಮವಾರ ಪುಸ್ತಕ ಅಚ್ಚಿಗೆ ಹೋಗುವುದಿತ್ತು.

ಭಾನುವಾರ ಬೆಳಿಗ್ಗೆ ಬಂದು ನೋಡಿದಳು. ಕಾಡು, ಕೋಟೆ, ಮಾತಾಡುವ ಬಂಡೆಗಳು, ಎಲ್ಲ ಕೂದಲೆಳೆಯಷ್ಟೂ ತಪ್ಪಿಲ್ಲದೆ ಕೂತಿದ್ದವು. ನದಿ ಮಾತ್ರ ಬೆಟ್ಟದಿಂದ ಇಳಿದು ಸಮುದ್ರ ಸೇರಿತ್ತು. ಮೂಲೆ ಖಾಲಿ.

“ಅಣ್ಣಾ, ಈ ನದಿ ಬೆಟ್ಟ ಹತ್ತುತ್ತೆ. ಕಥೇಲಿರೋ ಹುಡುಗಿ ಮನೆ ಇರೋದೇ ತುದೀಲಿ, ದೋಣೀಲಿ ಕೂತು ಅಲ್ಲಿಗೆ ಹೋಗ್ಬೇಕು. ನೀನು ಹೀಗೆ ಹರಿಸಿದ್ರೆ ಅವಳು ಮನೆ ಸೇರೋದೇ ಇಲ್ಲ.”

“ನೀರು ಹತ್ತೋದನ್ನ ನಾನೆಲ್ಲೂ ನೋಡಿಲ್ಲಮ್ಮ. ತಪ್ಪಿತ್ತು, ತಿದ್ದಿದೆ.”

“ಸಹಿ?”

“ಹೋಗದೇ ಇರೋ ಊರಿಗೆ ಸಹಿ ಹೇಗೆ ಹಾಕ್ಲಿ?”

ತಂಗಿಗೆ ಬೇಸರವಾಯಿತು. ನಕ್ಷೆಯನ್ನು ಸುರುಳಿ ಸುತ್ತತೊಡಗಿದವಳು ಅರ್ಧಕ್ಕೇ ನಿಲ್ಲಿಸಿದಳು.

“ಕಥೆ ಪೂರ್ತಿ ಓದಿದ್ಯಾ?”

“ನಕ್ಷೆಗೆ ಬೇಕಾದಷ್ಟು ಓದಿದೆ.”

“ಹಾಗಾದ್ರೆ ಕೇಳು. ನನಗಾಗ ಆರು ವರ್ಷ. ಕಾಲು ಮುರ್ಕೊಂಡು ಮೂರು ತಿಂಗಳು ಮಲಗಿದ್ದೆ. ನೀನು ದಿನಾ ಸ್ಕೂಲಿಂದ ಬಂದು ಪಕ್ಕದಲ್ಲಿ ಕೂರ್ತಿದ್ದೆ. ನನ್ನ ನೀಲಿ ಹೊದಿಕೇನೇ ದೇಶ. ಒಳ್ಳೆ ಕಾಲಿನ ಮಂಡಿ ಬೆಟ್ಟ. ‘ನದಿ ಬಂತು, ನದಿ ಬಂತು’ ಅಂತ ಪಾದದಿಂದ ಮಂಡಿ ತುದಿವರೆಗೂ ನೀನು ಬೆರಳು ಹತ್ತಿಸ್ತಿದ್ದೆ. ಎದ್ದು ನಿಲ್ಲೋಕೂ ಆಗದ ನಾನು ದಿನಾ ಅಲ್ಲಿಗೆ ಹೋಗಿ ಬರ್ತಿದ್ದೆ.”

ನಕ್ಷೆಯವರ ಕಣ್ಣು ತುಂಬಿತು, ಜೊತೆಗೆ ನಾಚಿಕೆಯೂ ಆಯಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಗಿತ್ತು ಅವರ ಕಥೆ. ಊರೂರು ಅಳೆದವರು ತಾವೇ ಕಟ್ಟಿದ ದೇಶವನ್ನು ಮರೆತು ಕೂತಿದ್ದರು.

ಎದ್ದು ಮೇಜಿನ ಮೇಲೆ ಹೊಸ ಹಾಳೆ ಹಾಸಿ, ನಾಲ್ಕು ಮೂಲೆಗೂ ಪಿನ್ನು ಚುಚ್ಚಿದರು. ಪೆನ್ಸಿಲ್ ಚೂಪು ಮಾಡುತ್ತ ಕೇಳಿದರು: “ಬೆಟ್ಟದ ಆಚೆ, ಹೊದಿಕೆ ಮಡಿಕೇಲಿ, ಒಂದು ಕಣಿವೆ ಇತ್ತಲ್ವಾ?”

“ಇತ್ತು. ನಿನ್ನ ರಬ್ಬರ್ ಕಳೆದುಹೋಗಿದ್ದು ಅಲ್ಲೇ.”

“ಸಿಗಲೇ ಇಲ್ಲ ಅದು,” ಎಂದು ಅವರು ಕಣಿವೆ ಬರೆಯಲು ಕೂತರು.

ಸಂಜೆಯ ಹೊತ್ತಿಗೆ ನದಿ ಬೆಟ್ಟದ ನೆತ್ತಿ ಮುಟ್ಟಿತು. ತಂಗಿ ಸಹಿಯ ಮಾತೆತ್ತಲಿಲ್ಲ. ಅವರೇ ಪೆನ್ನು ತೆಗೆದುಕೊಂಡು, ಕಚೇರಿಯ ನಕ್ಷೆಗಳ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಮೂಲೆಯಲ್ಲಿ ಬರೆದರು: ‘ಸ್ಥಳಕ್ಕೆ ಹೋಗಿ ನೋಡಿದ್ದೇನೆ.’ ಕೆಳಗೆ ಸಹಿ ಹಾಕಿದರು.