ಕೂಡ್ರಿಸುವ ಅವಸರ

ಬಸವನ ಬಾಗೇವಾಡಿಯ ಸರಕಾರಿ ದವಾಖಾನೆಗೆ ನಾನು ಡಾಕ್ಟರಾಗಿ ಹೋದದ್ದು ಅರವತ್ತರ ದಶಕದ ನಡುವಿನಲ್ಲಿ. ಹೆಣ್ಣು ಡಾಕ್ಟರೆಂದರೆ ಬಾಣಂತನಕ್ಕೆ ಮಾತ್ರ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಗಂಡಸರು ನನ್ನೆದುರು ನಾಲಿಗೆ ಚಾಚಿ ತೋರಿಸಲೂ ಒಪ್ಪುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ವಯಸ್ಸಿನಲ್ಲಿ ಸಿಟ್ಟೂ ಜಾಸ್ತಿ, ಧೈರ್ಯವೂ ಜಾಸ್ತಿ.

ಒಂದು ಮುಂಜಾನೆ ಹಿರಿಯ ಡಾಕ್ಟರು ವಿಜಾಪುರಕ್ಕೆ ಹೋಗಿದ್ದರು. ಇಂಗಳೇಶ್ವರದ ಲಿಂಗವಂತ ರೈತ ಅಣ್ಣತಮ್ಮಂದಿರಿಬ್ಬರು ಬಸ್ಸಿಳಿದು ಬಂದರು. ತಮ್ಮನಿಗೆ ಎದೆನೋವು. ವಾಯು ಎಂದು ಅಜವಾನದ ನೀರು ಕುಡಿಸಿ ಕರೆತಂದಿದ್ದ ಅಣ್ಣ, ದೊಡ್ಡ ಡಾಕ್ಟರು ಬರುವವರೆಗೆ ಕಾಯುತ್ತೇವೆಂದು ಪಡಸಾಲೆಯಲ್ಲಿ ಕುಳಿತ. ನಾನು ಜಗಳ ತೆಗೆಯುವಷ್ಟರಲ್ಲಿ ತಮ್ಮ ಪಕ್ಕಕ್ಕೆ ವಾಲಿ ಬಿದ್ದ. ಕತ್ತಿನ ನಾಡಿ ಮುಟ್ಟಿದೆ, ಸಿಗಲಿಲ್ಲ. ಉಸಿರೂ ನಿಂತಿತ್ತು.

ಅಣ್ಣನಿಗೂ ತಿಳಿಯಿತು. ಅವನು ಅಳಲಿಲ್ಲ, ಕೆಲಸಕ್ಕೆ ಇಳಿದ. ಲಿಂಗವಂತರಲ್ಲಿ ಸತ್ತವರನ್ನು ಕೂಡ್ರಿಸಿಯೇ ಮಣ್ಣು ಮಾಡುವುದು. ಮೈ ಸೆಟೆದ ಮೇಲೆ ಕಾಲು ಮಡಚಲು ಬರುವುದಿಲ್ಲ. ತಮ್ಮನನ್ನು ಎತ್ತಿ ಗೋಡೆಗೆ ಆನಿಸಿ ಚಕ್ಕಳಮಕ್ಕಳ ಹಾಕಿಸತೊಡಗಿದ. ನನಗೋ ಅವನು ಗಟ್ಟಿ ನೆಲದ ಮೇಲೆ ಅಂಗಾತ ಬೇಕು. ಎದೆ ಒತ್ತಿ, ನಿಂತ ಹೃದಯವನ್ನು ನಡೆಸುವ ಪದ್ಧತಿ ಆಗಿನ್ನೂ ಹೊಸದು. ಹುಬ್ಬಳ್ಳಿಯಲ್ಲಿ ಓದುವಾಗ ಕಲಿತಿದ್ದೆ. ಕಾಲು ಹಿಡಿದು ದರದರನೆ ಎಳೆದೆ.

“ಬಾಯಾರ, ಹೆಣಾ ಎಳದಾಡಬ್ಯಾಡ್ರಿ,” ಎಂದ ಅಣ್ಣ.

“ಇನ್ನೂ ಹೆಣ ಆಗಿಲ್ಲ. ಮೂಗು ಮುಚ್ಚಿ ಬಾಯಾಗ ಉಸಿರು ಊದ್ರಿ.”

ನನ್ನ ದನಿಗೆ ಬೆದರಿದನೋ, ಆಸೆ ಹುಟ್ಟಿತೋ, ತಮ್ಮನ ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ತಾನೇ ಸರಿಸಿ ಅವನ ಅಂಗೈಯಲ್ಲಿಟ್ಟು ಊದತೊಡಗಿದ. ನಾನು ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಪಕ್ಕೆಲುಬೊಂದು ಲಟಕ್ಕೆಂದಿತು. ಸುತ್ತ ಸೇರಿದವರು ಬಾಯಿಗೆ ಬಂದಂತೆ ಬೈದರು. ಬೈಯಲಿ, ನಾನು ಬಿಡಲಿಲ್ಲ. ಕಡೆಗೊಮ್ಮೆ ಕತ್ತಿನಲ್ಲಿ ನಾಡಿ ಮಿಡಿಯಿತು. ತಾನಾಗಿಯೇ ಉಸಿರೆಳೆದು ನರಳಿದ. ಖುಷಿಗೆ ನನಗೆ ಅಳುವೇ ಬಂತು.

ಹಿರಿಯ ಡಾಕ್ಟರು ಬಂದು ನಕ್ಕರು. ಬವಳಿ ಬಂದು ಬಿದ್ದವನನ್ನು ಸಾವಿನಿಂದ ಎಬ್ಬಿಸಿದೆನೆಂದು ಮೆರೆಯುತ್ತೀಯಲ್ಲ ಎಂದರು. ರೋಗಿಯನ್ನು ಕೆಲವು ವಾರ ಹಾಸಿಗೆಯಲ್ಲೇ ಇಟ್ಟು, ಆಮೇಲೆ ಸೊಲ್ಲಾಪುರಕ್ಕೆ ಕಳಿಸಿ ಇಸಿಜಿ ತೆಗೆಸಿದೆ. ಹೃದಯಾಘಾತದ ಗುರುತು ಆ ಕಾಗದದ ಪಟ್ಟಿಯಲ್ಲಿ ಎದ್ದು ಕಾಣುತ್ತಿತ್ತು. ಅದನ್ನು ಅವರ ಮೇಜಿನ ಮೇಲೆ ಬಿಚ್ಚಿ ಹರವಿದೆ.

ತಮ್ಮನನ್ನು ಮನೆಗೆ ಕರೆದೊಯ್ಯುವ ದಿನ ಅಣ್ಣ ನನ್ನನ್ನು ಒತ್ತಟ್ಟಿಗೆ ಕರೆದ. ಹೊಗಳಿಸಿಕೊಳ್ಳಲು ತಯಾರಾಗಿಯೇ ಹೋದೆ.

“ಬಾಯಾರ, ನಮ್ಮಪ್ಪನೂ ಹಿಂಗ ಹೊಲದಾಗ ಬಿದ್ದಿದ್ದರಿ. ಆಗೂ ನಾನ ಲಗೂನ ಕಾಲು ಮಡಚಿ ಕೂಡ್ರಿಸಿದೆ. ಅಂವಗ ಜೀವ ಇತ್ತೇನ್ರಿ?”

ನಾನು ಕಂಡವಳಲ್ಲ, ಕೇಳಿದವಳಲ್ಲ. ಗೊತ್ತಿಲ್ಲ ಎನ್ನುವುದೇ ನನ್ನ ವಿದ್ಯೆಗೆ ತಕ್ಕ ಉತ್ತರ. ಆದರೆ ಕೇಳುತ್ತಿದ್ದವನು ಅಪ್ಪನ ಕಾಲು ತಾನೇ ಮಡಚಿದ ಮಗ.

“ಇರಲಿಲ್ರಿ. ಅವರು ಹೋಗಿಬಿಟ್ಟಿದ್ರು,” ಎಂದೆ. ಅಷ್ಟು ಖಚಿತವಾಗಿ ನಾನು ಯಾವ ರೋಗಿಯ ವಿಷಯದಲ್ಲೂ ಮಾತಾಡಿಲ್ಲ.