ಅಪ್ಪಯ್ಯನ ಬಿಸಿನೀರು

ಚೆನ್ನೈನಲ್ಲಿ ಅಡುಗೆಮನೆಯ ಸಿಂಕಿಗೆ ಹೀಟರ್ ಹಾಕಿಸುವವರನ್ನು ಜನ ಅನುಮಾನದಿಂದಲೇ ನೋಡುತ್ತಾರೆ. ಏಪ್ರಿಲ್ ಬಂದರೆ ತಾರಸಿಯ ಟ್ಯಾಂಕಿನ ನೀರು ತಾನೇ ಕಾದು ಇಳಿಯುವ ಊರಿದು. ಕೈ ತೊಳೆಯಲು ತಣ್ಣೀರು ಸಿಕ್ಕರೆ ಪುಣ್ಯ. ಪುರಸೈವಾಕ್ಕಂನ ಅಂಗಡಿಯವನು ಪೆಟ್ಟಿಗೆ ಕೊಡುವಾಗ ನನ್ನನ್ನು ಮೇಲೆ ಕೆಳಗೆ ನೋಡಿದ. ಜೋಡಿಸಲು ಬಂದ ಎಲೆಕ್ಟ್ರಿಷಿಯನ್ ಬಾಯಿಬಿಟ್ಟೇ ಕೇಳಿದ: "ಮೇಡಮ್, ಮೆಡ್ರಾಸ್ಲ ಸಿಂಕ್‌ಕ್ಕು ಹೀಟರಾ?"

ಕಾರಣ ಒಳಗೆ ಕುರ್ಚಿಯಲ್ಲಿ ಕೂತಿತ್ತು, ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡು. ನನ್ನ ಅಪ್ಪಯ್ಯ. ಕುಂದಾಪುರದ ಕಡೆಯಿಂದ ಬಂದು ಇಲ್ಲಿನ ಸಸ್ಯಾಹಾರಿ ಹೋಟೆಲುಗಳಲ್ಲಿ ಕಾಫಿ ಮಾಸ್ಟರ್ ಆಗಿ ಆಯುಷ್ಯ ಸವೆಸಿದವರು. ಕುದಿವ ನೀರಿನಲ್ಲಿ ಅದ್ದದ ಲೋಟಕ್ಕೆ ಅವರು ಕಾಫಿ ಸುರಿದವರಲ್ಲ. ಕೆಲಸ ಬಿಟ್ಟ ಮೇಲೆ ಆ ಹಟವನ್ನು ನನ್ನ ಅಡುಗೆಮನೆಗೆ ತಂದರು. ದಿನಾ ಬೆಳಿಗ್ಗೆ ಪಾತ್ರೆ ತುಂಬ ನೀರು ಕುದಿಸಿ, ನಡುಗುವ ಕೈಯಲ್ಲಿ ಒಲೆಯಿಂದ ಸಿಂಕಿಗೆ ಒಯ್ಯುವುದು. ಒಂದು ದಿನ ಅದು ಸಿಂಕಿನ ಬದಲು ಪಾದವನ್ನು ಸೇರಿತು. ನನಗೆ ಹೆದರಿಕೆಯೂ ಆಯಿತು, ಸಿಟ್ಟೂ ಬಂತು. ಮುಂದಿನ ಸಲ ಪಾದಕ್ಕೇ ಮುಗಿಯುತ್ತದೆ ಎಂದು ಯಾರು ಹೇಳಬಲ್ಲರು? ನಲ್ಲಿಯಲ್ಲೇ ಬಿಸಿನೀರು ಬಂದರೆ ಪಾತ್ರೆ ಎತ್ತುವ ಪ್ರಮೇಯವೇ ಇಲ್ಲವಲ್ಲ ಎಂದು ಹೀಟರ್ ತಂದೆ.

ಎಲೆಕ್ಟ್ರಿಷಿಯನ್ ಮೇನ್ ಬೋರ್ಡಿನಿಂದ ಬೇರೆ ವೈರ್ ಎಳೆದ, ಗೋಡೆ ಕೊರೆದ, ಒಂದು ಟೈಲ್ ಒಡೆದ, ಒಡೆದದ್ದು ಕಾಣದಂತೆ ಅದರ ಮೇಲೇ ಹೀಟರ್ ಕೂರಿಸಿದ. ಸ್ವಿಚ್ ಹಾಕಿದ್ದೇ ಬಿಸಿನೀರು ಬಂತು. ಅಪ್ಪಯ್ಯ ಕುಂಟುತ್ತ ಬಂದು ಬೆರಳು ಒಡ್ಡಿದರು.

"ಮಗು ಮೀಸುಕೆ ಅಡ್ಡಿಲ್ಲೆ," ಎಂದರು. ಮಗುವಿನ ಸ್ನಾನಕ್ಕೆ ಸಾಕು, ಲೋಟಕ್ಕೆ ಸಾಲದು ಎಂದರ್ಥ.

ಮಾರನೆಯ ಬೆಳಿಗ್ಗೆ ನೋಡಿದರೆ, ಹೀಟರಿನ ನೀರನ್ನೇ ಪಾತ್ರೆಗೆ ಹಿಡಿದು ಒಲೆಯ ಮೇಲಿಟ್ಟಿದ್ದಾರೆ. ಬೇಗ ಕುದಿಯುತ್ತದಂತೆ. ಗ್ಯಾಸ್ ಉಳಿಯುತ್ತದಂತೆ. ಬೈಯಬೇಕೆಂದು ಹತ್ತಿರ ಹೋದೆ. ಅವರು ಒಂದು ಲೋಟವನ್ನು ನಲ್ಲಿಯ ಕೆಳಗೆ ಸುಮ್ಮನೆ ಜಾಲಿಸಿ ಪಕ್ಕಕ್ಕಿಟ್ಟರು. ಇನ್ನೊಂದನ್ನು ಕುದಿವ ನೀರಿಗಾಗಿ ಬೇರೆ ಇಟ್ಟರು. ಜಾಲಿಸಿದ್ದು ಅವರದು. ಬೇರೆ ಇಟ್ಟದ್ದು ನನ್ನದು.

"ನಿಮ್ ಲೋಟಕ್ಕೆ ಬ್ಯಾಡ್ದಾ?" ಎಂದೆ.

"ನಂದಕ್ಕೆ ಎಂತಾರೂ ಆತ್ತ್. ನೀನ್ ಗಿರಾಕಿ ಅಲ್ದಾ?"

ಇದನ್ನೆಲ್ಲ ನಾನು ಮುದುಕರ ಕಿರಿಕಿರಿ ಎಂದುಕೊಂಡಿದ್ದೆ. ಅಷ್ಟರಲ್ಲಿ ನೀರು ಕುದಿಯಿತು, ಅವರು ಇಕ್ಕಳ ಕೈಗೆತ್ತಿಕೊಂಡರು. ನಾನು ಒಲೆಗೆ ಅಡ್ಡ ನಿಂತೆ.

"ಪಾತ್ರೆ ನಾನ್ ಎತ್ತ್‌ತೆ."

"ಗಿರಾಕಿ ಅಡ್ಗಿಮನಿ ಒಳ್ಗೆ ಬಪ್ಪುಕಾಗ."

"ಹಂಗಾರೆ ಕೆಲ್ಸಕ್ಕ್ ಸೇರ್ಸ್ಕಣಿ."

ಊರಿನಿಂದ ಈಗಷ್ಟೇ ರೈಲಿಳಿದು ಕೆಲಸ ಕೇಳಲು ಬಂದವಳನ್ನು ನೋಡುವಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಕ್ಕಳ ಚಾಚಿದವರು, ನಾನು ಹಿಡಿಯುವ ಮೊದಲೇ ಹಿಂದಕ್ಕೆಳೆದುಕೊಂಡರು.

"ಮೊದ್ಲ್ ಕೈ ತೊಳ್ಕೋ."

ತೊಳೆದುಕೊಂಡೆ. ಹೀಟರಿನ ನೀರು ಅದಕ್ಕೆ ಹದವಾಗಿತ್ತು.