ಹಳೆಯ ಪ್ರತಿಗಳಲ್ಲಿಲ್ಲದ ಹನ್ನೆರಡು ವಚನ

ಕಾಲೇಜಿನಲ್ಲಿ ನನ್ನ ಗಂಡನಿಗೆ ಇಟ್ಟ ಹೆಸರು ಅಡಿಟಿಪ್ಪಣಿ. ಸಹಪಾಠಿಗಳೆಲ್ಲ ಮೀಸೆ ಚಿಗುರಿದ ಹುಡುಗರು. ಇವರಿಗೆ ಆಗಲೇ ಅರ್ಧ ತಲೆ ನರೆತಿತ್ತು. ಔಷಧಿ ಅಂಗಡಿಯನ್ನು ನನ್ನ ತಲೆಗೆ ಕಟ್ಟಿ, ಬೈಬಲ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತೇನೆಂದು ಹೊರಟಾಗ ನಾನು ಬೇಡವೆನ್ನಲಿಲ್ಲ. ಅಂದಿದ್ದರೂ ಕೇಳುವ ಗಿರಾಕಿಯಲ್ಲ. ಮಾತ್ರೆ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದದೆ ಯಾರಿಗೂ ಮಾತ್ರೆ ಕೊಡದ ಮನುಷ್ಯ ಗ್ರೀಕ್ ಪುಸ್ತಕದ ಪುಟದಡಿಯ ಸಣ್ಣ ಅಕ್ಷರಕ್ಕೆ ಮರುಳಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಊಟದ ಮೇಜಿನ ಮುಕ್ಕಾಲು ಪಾಲನ್ನು ನಿಘಂಟುಗಳು ಹಿಡಿದವು. ಉಳಿದ ಮೂಲೆಯಲ್ಲಿ ನಾವಿಬ್ಬರೂ ಊಟ ಮಾಡುತ್ತಿದ್ದೆವು.

ಅಲ್ಲಿ ಬೈಬಲ್ ಓದುವುದೆಂದರೆ ದಿನವಿಡೀ ಪ್ರಾರ್ಥನೆ ಎಂದುಕೊಂಡಿದ್ದೆ. ಅದಲ್ಲ. ಕೈಯಿಂದ ನಕಲು ಮಾಡಿದ ಹಳೆಯ ಪ್ರತಿಗಳ ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟು, ಯಾವುದರಲ್ಲಿ ಯಾವ ಸಾಲಿದೆ, ಯಾವುದರಲ್ಲಿಲ್ಲ ಎಂದು ನೋಡುವುದು. ಇವರು ಪ್ರಬಂಧಕ್ಕೆ ಆರಿಸಿಕೊಂಡದ್ದು ಯೋಹಾನನ ಸುವಾರ್ತೆಯ ಹನ್ನೆರಡು ವಚನ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಕಲ್ಲೆಸೆದು ಕೊಲ್ಲಬೇಕೆಂದು ಜನ ಎಳೆತರುತ್ತಾರೆ, ಯೇಸು ಅವಳನ್ನು ಉಳಿಸಿ ಕಳಿಸುತ್ತಾನೆ. ಸಿಕ್ಕಿರುವ ಅತಿ ಹಳೆಯ ಗ್ರೀಕ್ ಪ್ರತಿಗಳಲ್ಲಿ ಈ ಕಥೆಯೇ ಇಲ್ಲವಂತೆ. ಆಮೇಲೆ ಯಾರೋ ಸೇರಿಸಿದ್ದು. ಓದಿದವರಿಗೆಲ್ಲ ಇದು ಗೊತ್ತು. ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಇವರ ಅಕ್ಕ, ಅಂದರೆ ನನ್ನ ಅತ್ತಿಗೆ, ಹರೆಯದಲ್ಲಿ ಹೆಂಡತಿಯಿದ್ದವನೊಬ್ಬನ ಜೊತೆ ಹೊರಟುಹೋಗಿದ್ದರು. ಅವನು ಕೈಬಿಟ್ಟ ಮೇಲೆ ವಾಪಸ್ಸು ಬಂದು, ಇಸ್ತ್ರಿ ಅಂಗಡಿ ಹಾಕಿ, ತಾಯಿಯಿಲ್ಲದ ತಮ್ಮನನ್ನು ಸಾಕಿದರು. ಚರ್ಚಿನಲ್ಲಿ ಅವರು ಕೂತ ಸಾಲಿನಿಂದ ಜನ ಎದ್ದು ಹೋಗುತ್ತಿದ್ದರಂತೆ. ಒಂದು ಭಾನುವಾರ ಆಗಿನ ಪಾದ್ರಿ, ಆ ದಿನಕ್ಕೆ ಗೊತ್ತುಮಾಡಿದ್ದ ಭಾಗ ಬಿಟ್ಟು ಈ ಕಥೆ ಓದಿದರು. ಉಪದೇಶ ಮಾಡಲಿಲ್ಲ. ಪುಸ್ತಕ ಮುಚ್ಚಿ, ಕೆಳಗಿಳಿದು ಬಂದು ಅತ್ತಿಗೆಯ ಪಕ್ಕ ಕೂತರು. ಆಮೇಲೆ ಯಾರೂ ಎದ್ದು ಹೋಗಲಿಲ್ಲ. ಅತ್ತಿಗೆಗೆ ಬೈಬಲ್ ಅಂದರೆ ಆ ಹನ್ನೆರಡು ವಚನವೇ.

ಕಾಲೇಜಿನದೊಂದು ಕಟ್ಟಳೆ: ಪದವಿ ಕೈಗೆ ಬರುವ ಮುಂಚೆ, ಪ್ರಬಂಧದಲ್ಲಿ ಬರೆದದ್ದನ್ನು ಸ್ವಂತ ಚರ್ಚಿನ ಜನರ ಎದುರು ಆಡುಮಾತಿನಲ್ಲಿ ಹೇಳಬೇಕು, ಮಾರ್ಗದರ್ಶಕರು ಹಿಂದೆ ಕೂತು ಕೇಳುತ್ತಾರೆ. ಮೊದಲು ಅಕ್ಕನಿಗೆ ತಿಳಿಸಿ ಎಂದು ನಾನು ಹೇಳಿ ಹೇಳಿ ಸೋತೆ. ಒಂದು ದಿನ ಅಕ್ಕನಿಗೆ ಬೆನ್ನುನೋವು, ಇನ್ನೊಂದು ದಿನ ಅಂಗಡಿಯಲ್ಲಿ ರಾಶಿ ಬಟ್ಟೆ, ನೆಪಕ್ಕೇನು ಬರ. ಹೇಳಿದರೆ ಅಕ್ಕ ಕುಸಿದು ಹೋಗುತ್ತಾಳೆ, ಹೇಳದಿದ್ದರೆ ಪದವಿಯಿಲ್ಲ. ಕೊನೆಗೆ ಇವರಿಗೆ ಹೊಳೆದ ಉಪಾಯ ಹೆಚ್ಚು ಓದಿದವರಿಗೆ ಮಾತ್ರ ಹೊಳೆಯುವಂಥದ್ದು: ದೊಡ್ಡ ದೊಡ್ಡ ಪದಗಳಲ್ಲಿ ಸುತ್ತಿ ಹೇಳಿಬಿಟ್ಟರೆ ಅಕ್ಕನಿಗೆ ತಿಳಿಯುವುದಿಲ್ಲ.

ಆ ಭಾನುವಾರ ಪಾಠಪರಂಪರೆ, ಪ್ರಕ್ಷೇಪ ಎಂದೇನೇನೋ ಹೇಳುತ್ತಾ ಹೋದರು. ಜನ ಆಕಳಿಸಿದರು. ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಅಷ್ಟರಲ್ಲಿ ಮಾರ್ಗದರ್ಶಕರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಿ ಎಂದರು. ಇವರು ಕುತ್ತಿಗೆಯ ಬೆವರು ಒರೆಸಿಕೊಂಡರು.

"ಈ ಕಥೆ ಮೊದಲು ಇರ್ಲಿಲ್ಲ. ಆಮೇಲೆ ಸೇರಿಸಿದ್ದು."

ಜನ ತಿರುಗಿ ಅತ್ತಿಗೆಯನ್ನು ನೋಡಿದರು. ಕ್ಷಮೆಯ ರಸೀದಿ ಖೋಟಾ ಎಂದು ಗೊತ್ತಾದ ಹಾಗಿತ್ತು ಆ ನೋಟ. ನನಗೆ ಮೈಯೆಲ್ಲ ಉರಿಯಿತು, ಆ ಜನರ ಮೇಲೂ, ಇವರ ಮೇಲೂ. ಅತ್ತಿಗೆ ಕೊನೆಯ ಹಾಡು ಮುಗಿಯುವ ತನಕ ನಿಂತಿದ್ದು, ಹೊರಟುಹೋದರು.

ಮಧ್ಯಾಹ್ನ ನೋಡಿದರೆ ಇಸ್ತ್ರಿ ಅಂಗಡಿ ತೆರೆದಿತ್ತು. ಭಾನುವಾರ ತೆರೆಯುವವರಲ್ಲ. ನಾವು ಹೋದಾಗ ಯಾರದೋ ಬೆಡ್‌ಶೀಟಿಗೆ ನೀರು ಚಿಮುಕಿಸುತ್ತಿದ್ದರು. ಇವರು ಬಾಗಿಲಲ್ಲೇ ನಿಂತರು. ಯಾವ ಹಸ್ತಪ್ರತಿ, ಯಾವ ಶತಮಾನ ಎಂದೇನೂ ಅತ್ತಿಗೆ ಕೇಳಲಿಲ್ಲ. ಕೇಳಿದ್ದು ಒಂದೇ.

"ಆ ಪಾದ್ರಿಗೆ ಇದು ಗೊತ್ತಿತ್ತಾ?"

ಇಲ್ಲ ಎಂದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಗೊತ್ತಿದ್ದೂ ಓದಿದರೆಂದರೆ ಆ ಒಳ್ಳೆಯ ಮನುಷ್ಯನೂ ಅತ್ತಿಗೆಯ ಪಾಲಿಗೆ ಮೋಸಗಾರನಾಗುತ್ತಾನಲ್ಲ. ಆ ಪಾದ್ರಿ ತೀರಿಕೊಂಡು ಎಷ್ಟೋ ಕಾಲವಾಗಿದೆ, ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ. ಆದರೆ ನನ್ನ ಗಂಡನಿಗೆ ಸುಳ್ಳು ಬರುವುದಿಲ್ಲ. ಬಂದರೂ ಮುಖ ಹೇಳಿಬಿಡುತ್ತದೆ.

"ಗೊತ್ತಿತ್ತಕ್ಕ. ಅವರು ಓದಿದ್ದೂ ಇದೇ ಕಾಲೇಜು. ಮೊದಲ್ನೇ ವರ್ಷದಲ್ಲೇ ಇದನ್ನ ಪಾಠ ಮಾಡ್ತಾರೆ."

ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಟ್ಟೆಗಂಟಿನ ಮೇಲೆ ಕೂತರು. ಕಣ್ಣೀರು ಇಳಿಯತೊಡಗಿತು. ಕೆಟ್ಟಿತು ಎಂದುಕೊಂಡು ಹತ್ತಿರ ಹೋದೆ. ಹೋಗಿ ನೋಡಿದರೆ ಅದು ದುಃಖದ ಮುಖವಾಗಿರಲಿಲ್ಲ.

"ಇಷ್ಟು ವರ್ಷ, ಪುಸ್ತಕದಲ್ಲಿ ಇದೆಯಲ್ಲ, ಅದಕ್ಕೆ ಓದಿದ್ರು ಅಂದ್ಕೊಂಡಿದ್ದೆ ಕಣೋ," ಎಂದರು. "ಗೊತ್ತಿದ್ದೂ, ನಾನು ಅಲ್ಲಿ ಕೂತಿದ್ದೀನಿ ಅಂತ್ಲೇ ಓದಿದ್ರಾ?"